ಕಾಫಿ ತೋಟದಿಂದ ಜೆನೆಟಿಕ್ಸ್ ಲ್ಯಾಬಿಗೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಸಂಶೋಧನಾ ತರಬೇತಿ ಮತ್ತು ಉದ್ಯೋಗದ ಸಮಗ್ರ ಮಾರ್ಗದರ್ಶಿ

ಜೆನೆಟಿಕ್ಸ್‌ನಲ್ಲಿ ಸಂಶೋಧನೆ ಮಾಡಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಂ.ಎಸ್ಸಿ.ಗೆ ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಡಿಗ್ರಿ ಮುಗಿಯುವಷ್ಟರಲ್ಲಿ ನಾನೇ ಅಳೆದು, ನಾನೇ ಬರೆದಿಟ್ಟು, ಯಾರು ಕೇಳಿದರೂ ತಡವರಿಸದೆ ವಿವರಿಸಬಲ್ಲ ಒಂದಾದರೂ ಕೆಲಸ ನನ್ನ ಕೈಲಿರುತ್ತದೆಯೇ? ಸಂದರ್ಶನದಲ್ಲಿ ಕೂತ ವಿಜ್ಞಾನಿಗಳು ಹುಡುಕುವುದು ಇದನ್ನೇ. ಅಂಕಪಟ್ಟಿ ನಿಮ್ಮನ್ನು ಆ ಕೋಣೆಯ ಬಾಗಿಲವರೆಗೆ ತಲುಪಿಸುತ್ತದೆ, ಅಲ್ಲಿಂದ ಮುಂದೆ ಮಾತು ಆ ಕೆಲಸದ ಮೇಲೆಯೇ ನಡೆಯುತ್ತದೆ.

ಈ ಎರಡು ಜಿಲ್ಲೆಗಳಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. 1925ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಕಾಫಿ ಪ್ರಯೋಗ ಕೇಂದ್ರವೇ ಬೆಳೆದು ಇಂದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ತೋಟದವರ ಬಾಯಲ್ಲಿ ದಿನಾ ಬರುವ ಎಸ್.795, ಸೆಲೆಕ್ಷನ್ 9, ಚಂದ್ರಗಿರಿ ತಳಿಗಳೆಲ್ಲ ಅಲ್ಲಿನ ತಳಿಶಾಸ್ತ್ರದ ಫಲ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಸಕಲೇಶಪುರದ ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ, ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು, ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಇವೆಲ್ಲ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇವೆ.

ಹಂತ 1: ಯಾವ ಬಾಗಿಲು?

ಪಿಯುಸಿಯಲ್ಲಿ ಗಣಿತ ಬಿಡಬೇಡಿ. ಜೀವಶಾಸ್ತ್ರಕ್ಕೆ ಗಣಿತ ಯಾಕೆ ಎಂಬ ಮಾತು ಈಗಲೂ ಕೇಳಿಬರುತ್ತದೆ, ಆದರೆ ಇಂದಿನ ಜೆನೆಟಿಕ್ಸ್‌ನ ಅರ್ಧ ಭಾಗ ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಕಾಂಬಿನೇಷನ್ ತೆಗೆದುಕೊಂಡರೆ ಮುಂದೆ ಯಾವ ಬಾಗಿಲೂ ಮುಚ್ಚುವುದಿಲ್ಲ.

ಬೆಳೆಗಳ ತಳಿ ಅಭಿವೃದ್ಧಿಯಲ್ಲಿ ಆಸಕ್ತಿ ಇದ್ದರೆ ಬಿ.ಎಸ್ಸಿ. ಅಗ್ರಿ, ತೋಟಗಾರಿಕೆ ಅಥವಾ ಕೃಷಿ ಕಾಲೇಜಿನ ಬಿ.ಟೆಕ್. ಬಯೋಟೆಕ್ನಾಲಜಿ ಸರಿಯಾದ ದಾರಿ. ಸೀಟು ಸಿಗುವುದು ಸಿಇಟಿ ಮೂಲಕ. ಕೃಷಿಕ ಕುಟುಂಬದವರಿಗೆ ಪ್ರತ್ಯೇಕ ಕೋಟಾ ಇರುವುದರಿಂದ ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಓಡಾಡಿ ಕೋಟಾ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ದನ, ಕುರಿ, ಕೋಳಿ ತಳಿಗಳ ಕಡೆ ಒಲವಿದ್ದರೆ ಪಶುವೈದ್ಯಕೀಯ ಪದವಿ ಮಾಡಿ, ಆಮೇಲೆ ಪಶು ತಳಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಹೋಗಬಹುದು. ಮನುಷ್ಯರ ಆನುವಂಶಿಕ ಕಾಯಿಲೆ, ಜೀವಕೋಶ, ನೊಣ, ಸೂಕ್ಷ್ಮಾಣುಗಳ ಮೂಲಭೂತ ಸಂಶೋಧನೆಗೆ ಹಾಸನ ಅಥವಾ ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನ ಸಾಮಾನ್ಯ ಬಿ.ಎಸ್ಸಿ. ಸಾಕು.

ಒಂದು ಎಚ್ಚರಿಕೆ. ಕೃಷಿ ವಿಶ್ವವಿದ್ಯಾಲಯಗಳ ತಳಿ ವಿಭಾಗಗಳಲ್ಲಿ ಹುದ್ದೆ ಬೇಕೆನ್ನುವವರಿಗೆ ಕೃಷಿ ಹಿನ್ನೆಲೆಯ ಪದವಿ ಬಹುಮಟ್ಟಿಗೆ ಕಡ್ಡಾಯ. ಸಾಮಾನ್ಯ ಬಿ.ಎಸ್ಸಿ. ಮಾಡಿ ಆಮೇಲೆ ಆ ಕಡೆ ಹೊರಳುವುದು ಕಷ್ಟ. ಕೃಷಿ ಪದವಿಯಿಂದ ಅಣುಜೀವಶಾಸ್ತ್ರದ ಕಡೆ ಹೊರಳುವುದು ಅಷ್ಟು ಕಷ್ಟವಲ್ಲ. ಹದಿನೇಳನೇ ವಯಸ್ಸಿನಲ್ಲಿ ಮಾಡುವ ಆಯ್ಕೆ ಮೂವತ್ತನೇ ವಯಸ್ಸಿನ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇದ್ದವರು ನೇರವಾಗಿ ಪಿಎಚ್.ಡಿ.ಗೆ ಹೋಗಬಹುದೆಂದು ಯುಜಿಸಿಯ 2022ರ ನಿಯಮ ಹೇಳುತ್ತದಾದರೂ ನಮ್ಮ ಸಾಮಾನ್ಯ ಬಿ.ಎಸ್ಸಿ. ವಿದ್ಯಾರ್ಥಿಗಳು ಎಂ.ಎಸ್ಸಿ. ದಾಟಿಯೇ ಹೋಗಬೇಕು ಎಂದಿಟ್ಟುಕೊಂಡು ಯೋಜನೆ ಹಾಕಿ.

ಹಂತ 2: ಡಿಗ್ರಿಯ ಮೊದಲ ಎರಡು ವರ್ಷ, ಕೈ ಪಳಗಿಸುವುದು

ಕಾಲೇಜಿನಲ್ಲಿ ದೊಡ್ಡ ಯಂತ್ರಗಳಿಲ್ಲ ಎಂದು ಕೊರಗಬೇಕಾಗಿಲ್ಲ. ಮೈಕ್ರೊಪಿಪೆಟ್ ಒಂದು, ತಕ್ಕಡಿ ಒಂದು, ಸೂಕ್ಷ್ಮದರ್ಶಕ ಒಂದು ಇದ್ದರೆ ಶುರುಮಾಡಬಹುದು.

ಪಿಪೆಟ್ ಹಿಡಿಯುವುದನ್ನು ಹೀಗೆ ಕಲಿಯಿರಿ. ತಕ್ಕಡಿಯ ಮೇಲೆ ಸಣ್ಣ ಟ್ಯೂಬ್ ಇಟ್ಟು ಸೊನ್ನೆ ಮಾಡಿ, 100 ಮೈಕ್ರೊಲೀಟರ್ ನೀರನ್ನು ಹತ್ತು ಸಲ ಹಾಕಿ, ಪ್ರತಿ ಸಲದ ತೂಕ ಬರೆದುಕೊಳ್ಳಿ. ಪ್ರತಿಯೊಂದೂ 0.1 ಗ್ರಾಂ ಹತ್ತಿರ ಇರಬೇಕು. ಹತ್ತೂ ಒಂದೇ ಸಮನೆ ಕಡಿಮೆ ಬಂದರೆ ದೋಷ ಪಿಪೆಟ್‌ನದು, ಕ್ಯಾಲಿಬ್ರೇಷನ್ ಆಗಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ದೋಷ ನಿಮ್ಮ ಹೆಬ್ಬೆರಳಿನದು. ಹೀರುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಿ, ನಿಧಾನವಾಗಿ ಬಿಡಬೇಕು. ಎರಡನೇ ತಡೆ ಹೊರಹಾಕಲು ಮಾತ್ರ.

ಲೆಕ್ಕವನ್ನೂ ಇದೇ ಹೊತ್ತಿನಲ್ಲಿ ಕಲಿಯಬೇಕು. ಒಂದು ರೋಗನಿರೋಧಕ ಗುಣ ಒಂದೇ ಪ್ರಬಲ ಜೀನ್‌ನಿಂದ ಬರುತ್ತದೆ ಎಂದು ಊಹಿಸಿ, ಎರಡನೇ ಪೀಳಿಗೆಯ 80 ಸಸಿ ಬೆಳೆಸಿದಿರಿ ಎನ್ನೋಣ. 66 ರೋಗ ತಡೆದವು, 14 ರೋಗಕ್ಕೆ ತುತ್ತಾದವು. ಮೆಂಡೆಲ್‌ನ 3:1 ಅನುಪಾತದ ಪ್ರಕಾರ 60 ಮತ್ತು 20 ಬರಬೇಕಿತ್ತು. ವ್ಯತ್ಯಾಸ ಎರಡೂ ಕಡೆ 6, ಅದರ ವರ್ಗ 36. 36ನ್ನು 60ರಿಂದ ಭಾಗಿಸಿದರೆ 0.6, 20ರಿಂದ ಭಾಗಿಸಿದರೆ 1.8, ಕೂಡಿದರೆ 2.4. ಇದೇ ಕೈ-ಸ್ಕ್ವೇರ್ ಬೆಲೆ, ಅದರ ಕೋಷ್ಟಕದಲ್ಲಿ ಶೇ. 5ರ ಮಿತಿ 3.84. ನಮ್ಮದು ಅದಕ್ಕಿಂತ ಕಡಿಮೆ, ಹಾಗಾಗಿ ಒಂದೇ ಜೀನ್ ಎಂಬ ಊಹೆಯನ್ನು ತಳ್ಳಿಹಾಕುವಂತಿಲ್ಲ. ಊಹೆ ಸಾಬೀತಾಯಿತು ಎಂದು ಮಾತ್ರ ಬರೆಯಬೇಡಿ. ಸಂದರ್ಶನಗಳಲ್ಲಿ ಬಹಳ ಜನ ಎಡವುವುದು ಈ ಒಂದು ಮಾತಿನಲ್ಲೇ.

ಲ್ಯಾಬ್ ನೋಟ್‌ಬುಕ್ಕು ಮೊದಲ ದಿನದಿಂದಲೇ ಇರಲಿ. ಹೊಲಿದ ಪುಸ್ತಕ, ಪುಟಸಂಖ್ಯೆ, ತಾರೀಕು, ಅಳಿಸಲಾಗದ ಪೆನ್ನು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ, ವೈಟ್ನರ್ ಬೇಡ. ಕೆಟ್ಟ ಫಲಿತಾಂಶವನ್ನೂ ಬರೆಯಿರಿ. ಆರು ತಿಂಗಳ ನಂತರ ಅದು ಯಾಕೆ ಕೆಟ್ಟಿತು ಎಂದು ತಿಳಿಯುವುದು ಆ ಪುಟದಿಂದಲೇ.

ಹಂತ 3: ಸಂಶೋಧನಾ ಕೇಂದ್ರದೊಳಗೆ ಕಾಲಿಡುವುದು

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಪದವಿ ವಿದ್ಯಾರ್ಥಿಗಳಿಗೆ ಇರುವ ಅತ್ಯುತ್ತಮ ಅವಕಾಶ. ಎರಡು ತಿಂಗಳು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲಸ, ಜೊತೆಗೆ ಸ್ಟೈಪೆಂಡ್. ಅರ್ಜಿ ಕರೆಯುವುದು ಹಿಂದಿನ ವರ್ಷದ ಅಕ್ಟೋಬರ್–ನವೆಂಬರ್ ಹೊತ್ತಿಗೆ. ಬೇಸಿಗೆ ರಜೆ ಹತ್ತಿರ ಬಂದಾಗ ವಿಚಾರಿಸಿದರೆ ತಡವಾಗಿರುತ್ತದೆ. ಅರ್ಜಿಯ ಜೊತೆ ಒಬ್ಬ ಅಧ್ಯಾಪಕರ ಶಿಫಾರಸು ಬೇಕು, ಅದಕ್ಕೆ ಅವರಿಗೆ ಕನಿಷ್ಠ ಎರಡು ವಾರ ಸಮಯ ಕೊಡಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ಫೆಲೋಶಿಪ್ ಕೊಡುತ್ತದೆ.

ಹತ್ತಿರದ ಕೇಂದ್ರಗಳಿಗೆ ದಾರಿ ಬೇರೆ. ಬಾಳೆಹೊನ್ನೂರು, ಮೂಡಿಗೆರೆ, ದೋಣಿಗಾಲಿಗೆ ಹೋಗುವಾಗ ವಿಭಾಗದ ಮುಖ್ಯಸ್ಥರ ಸಹಿ ಇರುವ ಕಾಲೇಜಿನ ಪತ್ರ ಬೇಕೇ ಬೇಕು. ಪತ್ರದಲ್ಲಿ ಎಷ್ಟು ವಾರ, ಯಾವ ತಾರೀಕಿನಿಂದ, ಯಾವ ವಿಷಯ ಎಂದು ಸ್ಪಷ್ಟವಾಗಿರಲಿ. ಕಾಫಿ ಬಯೋಟೆಕ್ನಾಲಜಿಯಲ್ಲಿ ಆಸಕ್ತಿ ಇದ್ದವರು ಗಮನಿಸಿ: ಬಾಳೆಹೊನ್ನೂರು ಸಂಸ್ಥೆಯ ಆ ವಿಭಾಗ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ.

ವಿಜ್ಞಾನಿಗಳಿಗೆ ಮಿಂಚಂಚೆ ಬರೆಯುವಾಗ ನಾಲ್ಕೇ ಪ್ಯಾರಾ ಸಾಕು. ನೀವು ಯಾರು, ಅವರ ಯಾವ ಕೆಲಸ ಓದಿದ್ದೀರಿ ಮತ್ತು ಅದರಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆ, ನಿಮಗೆ ಮಾಡಲು ಬರುವುದೇನು, ಯಾವಾಗಿಂದ ಯಾವಾಗಿನವರೆಗೆ ಬರಬಲ್ಲಿರಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಓದಿದ ತಕ್ಷಣ ಗೊತ್ತಾಗುತ್ತದೆ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರನ್ನು ಕೇಳಿ.

ದುಡ್ಡು ತೆಗೆದುಕೊಂಡು ಮೂರು ದಿನದಲ್ಲಿ ಜೀನ್ ತಂತ್ರಜ್ಞಾನ ಕಲಿಸಿ ಸರ್ಟಿಫಿಕೇಟ್ ಕೊಡುವ ತರಬೇತಿಗಳಿಗೆ ಅಪ್ಪ ಅಮ್ಮನ ಹಣ ಸುರಿಯಬೇಡಿ. ಅಲ್ಲಿ ಕಿಟ್ ತೆರೆದು ಬೇರೆಯವರು ಮಾಡುತ್ತಾರೆ, ನೀವು ನೋಡುತ್ತೀರಿ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನನ್ನದೇ ಸ್ಯಾಂಪಲ್ ಮೇಲೆ ನಾನೇ ಎಷ್ಟು ಸಲ ಮಾಡಬಹುದು?

ಹಂತ 4: ಮೊದಲ ಪ್ರಾಜೆಕ್ಟ್, ಕಾಫಿ ಎಲೆಯ ಡಿಎನ್ಎ

ಕಾಫಿ ಎಲೆಯಿಂದ ಶುದ್ಧ ಡಿಎನ್ಎ ತೆಗೆಯಬಲ್ಲವರು ಹೆಚ್ಚಿನ ಗಿಡಗಳಿಂದ ತೆಗೆಯಬಲ್ಲರು. ಕಾಫಿಯಲ್ಲಿ ಫಿನಾಲ್ ಅಂಶ ಜಾಸ್ತಿ, ಅದೇ ಇಲ್ಲಿಯ ಪಾಠ.

ಕೊಂಬೆಯ ತುದಿಯ ಎಳೆಯ ಜೋಡಿ ಎಲೆಯನ್ನೇ ತೆಗೆದುಕೊಳ್ಳಿ, ಬಲಿತ ಎಲೆ ಬೇಡ. ಐಸ್ ಡಬ್ಬಿಯಲ್ಲಿ ಅಥವಾ ಸಿಲಿಕಾ ಜೆಲ್‌ನಲ್ಲಿ ಇಟ್ಟು ತನ್ನಿ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಬಸ್ಸಿನ ಸೆಕೆಗೆ ಬೇಯಿಸಿಕೊಂಡು ತಂದರೆ ಲ್ಯಾಬ್ ತಲುಪುವ ಮೊದಲೇ ಡಿಎನ್ಎ ಚೂರಾಗಿರುತ್ತದೆ. 100 ಮಿಲಿಗ್ರಾಂ ಎಲೆಯನ್ನು ನುಣ್ಣಗೆ ಅರೆದು, 65 ಡಿಗ್ರಿಗೆ ಕಾಯಿಸಿದ 700 ಮೈಕ್ರೊಲೀಟರ್ ಸಿಟ್ಯಾಬ್ (ಜೀವಕೋಶ ಒಡೆಯುವ ಸಾಬೂನಿನಂಥ ರಾಸಾಯನಿಕ) ದ್ರಾವಣಕ್ಕೆ ಹಾಕಿ. ದ್ರಾವಣದಲ್ಲಿ ಶೇ. 2 ಸಿಟ್ಯಾಬ್, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, 100 ಮಿಲಿಮೋಲಾರ್ ಟ್ರಿಸ್, ಪಿಎಚ್ 8. ಜೊತೆಗೆ ಫಿನಾಲ್ ಹಿಡಿದಿಡಲು ಶೇ. 1ರಿಂದ 2ರಷ್ಟು ಪಿವಿಪಿ. ಬೀಟಾ ಮರ್ಕ್ಯಾಪ್ಟೊಇಥನಾಲ್ ಹಾಕುವುದು ಬಳಸುವ ಹೊತ್ತಿಗೆ ಮಾತ್ರ, ಅದೂ ಫ್ಯೂಮ್ ಹುಡ್ ಒಳಗೆ, ಏಕೆಂದರೆ ಅದರ ಆವಿ ವಿಷ.

65 ಡಿಗ್ರಿಯಲ್ಲಿ 30ರಿಂದ 45 ನಿಮಿಷ ಇಡಿ, ಹತ್ತು ನಿಮಿಷಕ್ಕೊಮ್ಮೆ ಟ್ಯೂಬನ್ನು ಮೆಲ್ಲಗೆ ತಿರುಗಿಸಿ. ತಣಿದ ಮೇಲೆ ಕ್ಲೋರೊಫಾರಂ ಮತ್ತು ಐಸೊಅಮೈಲ್ ಆಲ್ಕೊಹಾಲ್‌ನ 24:1 ಮಿಶ್ರಣವನ್ನು ಸಮಪ್ರಮಾಣ ಸೇರಿಸಿ, ಹತ್ತು ನಿಮಿಷ ತಲೆಕೆಳಗೆ ಮಾಡುತ್ತಾ ಬೆರೆಸಿ, 12,000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ತಿಳಿ ಪದರ ಮಾತ್ರ ಹೊಸ ಟ್ಯೂಬಿಗೆ. ನಡುವಿನ ಬಿಳಿ ಕೆನೆಯ ಹತ್ತಿರಕ್ಕೂ ತುದಿ ಹೋಗಬಾರದು, ಕೊನೆಯ 50 ಮೈಕ್ರೊಲೀಟರ್ ಆಸೆ ಬಿಟ್ಟುಬಿಡಿ. ತಣ್ಣಗಿನ ಐಸೊಪ್ರೊಪನಾಲ್ ಮೂರರಲ್ಲಿ ಎರಡು ಪಾಲು ಹಾಕಿ ನಿಧಾನವಾಗಿ ತಿರುಗಿಸಿದರೆ ಹತ್ತಿಯ ಎಳೆಯಂಥದ್ದು ತೇಲುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಶೇ. 70ರ ಎಥನಾಲ್‌ನಲ್ಲಿ ತೊಳೆದು, ಒಣಗಿಸಿ, 50 ಮೈಕ್ರೊಲೀಟರ್ ಟಿಇ ದ್ರಾವಣದಲ್ಲಿ ಕರಗಿಸಿ, ಜೊತೆಗೆ ಬಂದ ಆರ್‌ಎನ್ಎಯನ್ನು ಒಡೆಯುವ ಆರ್‌ಎನ್ಏಸ್ ಹಾಕಿ.

ಈಗ ಕೆಡುವ ಬಗೆ. ಎಳೆ ಬಿಳಿಯ ಬದಲು ಕಂದು ಬಣ್ಣದಲ್ಲಿದ್ದರೆ ಫಿನಾಲ್ ಉತ್ಕರ್ಷಣೆಗೊಂಡು ಡಿಎನ್ಎಗೆ ಅಂಟಿಕೊಂಡಿದೆ. ಎಲೆ ಬಲಿತದ್ದು, ಅಥವಾ ಅರೆದು ಹಾಗೇ ಬಿಟ್ಟಿದ್ದು, ಅಥವಾ ಪಿವಿಪಿ ಕಡಿಮೆಯಾದದ್ದು ಕಾರಣ. ಲೋಳೆಯಂತೆ ಕೂತು ಕರಗದಿದ್ದರೆ ಅದು ಸಕ್ಕರೆಯ ಸರಪಳಿಗಳು, ಮುಂದಿನ ಸಲ ಉಪ್ಪಿನ ಪ್ರಮಾಣ ಏರಿಸಿ, ಎಲೆ ಕಡಿಮೆ ಮಾಡಿ. ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 260/280 ಅನುಪಾತ 1.8ರ ಸುತ್ತ ಇರಬೇಕು. ಅದು ಸರಿ ಇದ್ದೂ 260/230 ಅನುಪಾತ 2ಕ್ಕಿಂತ ಬಹಳ ಕೆಳಗಿದ್ದರೆ ಪಿಸಿಆರ್ (ಡಿಎನ್ಎಯ ಒಂದು ತುಣುಕನ್ನು ಲಕ್ಷಾಂತರ ಪಟ್ಟು ನಕಲು ಮಾಡುವ ವಿಧಾನ) ನಡೆಯದೆ ಹೋಗಬಹುದು. ಆಗ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಸಣ್ಣ ಡಿಎನ್ಎ ತುಣುಕು) ಮೇಲೆ ಅನುಮಾನ ಪಡುವ ಮುಂಚೆ ಡಿಎನ್ಎಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ತಡೆಯುವ ಕಲ್ಮಷವೂ ತೆಳುವಾಗಿ ಪಿಸಿಆರ್ ತಾನಾಗಿ ನಡೆಯುವುದುಂಟು.

ಪಿಸಿಆರ್‌ನಲ್ಲಿ 10 ಸ್ಯಾಂಪಲ್ ಇದ್ದರೆ ಮಿಶ್ರಣವನ್ನು ಒಂದೊಂದಾಗಿ ಮಾಡದೆ 12ಕ್ಕೆ ಒಟ್ಟಿಗೆ ಮಾಡಿ. ಡಿಎನ್ಎ ಹಾಕದ ಒಂದು ಟ್ಯೂಬ್ ಯಾವಾಗಲೂ ಜೊತೆಗಿರಲಿ. ಅದರಲ್ಲೂ ಬ್ಯಾಂಡ್ (ಜೆಲ್ ಮೇಲೆ ಕಾಣುವ ಡಿಎನ್ಎ ಗೆರೆ) ಬಂದರೆ ಉಳಿದ ಹತ್ತನ್ನೂ ನಂಬುವಂತಿಲ್ಲ.

ಅರೇಬಿಕಾ ಕಾಫಿಯಲ್ಲಿ ಇನ್ನೊಂದು ಗುಂಡಿ ಇದೆ. ಅದಕ್ಕೆ 44 ಕ್ರೋಮೋಸೋಮ್, ರೊಬಸ್ಟಾಗೆ 22. ಅರೇಬಿಕಾ ಹುಟ್ಟಿದ್ದು ರೊಬಸ್ಟಾ ಮತ್ತು ಯುಜಿನಿಯಾಯ್ಡಿಸ್ ಎಂಬ ಎರಡು ಜಾತಿಗಳು ಕೂಡಿ, ಎರಡರ ಜೀನೋಮ್ ಕೂಡ ಅದರೊಳಗೆ ಉಳಿದಿವೆ. ಹಾಗಾಗಿ ಒಂದು ಮಾರ್ಕರ್ (ಗಿಡಗಳನ್ನು ಹೋಲಿಸಲು ಬಳಸುವ ಡಿಎನ್ಎ ಗುರುತು) ಎಲ್ಲ ಗಿಡಗಳಲ್ಲೂ ಎರಡೆರಡು ಬ್ಯಾಂಡ್ ತೋರಿಸಿದರೆ ಗಿಡ ಮಿಶ್ರತಳಿ ಎಂದು ಬರೆದುಬಿಡಬೇಡಿ. ಎರಡು ಪೂರ್ವಜರಿಂದ ಒಂದೊಂದು ಬಂದಿರಬಹುದು.

ಹಂತ 5: ತೋಟದಲ್ಲಿ ಕಲಿಯುವುದು, ಹೂವಿನ ವಾರ

ಕಾಫಿ ಗಿಡ ಫಸಲು ಕೊಡಲು ಮೂರು–ನಾಲ್ಕು ವರ್ಷ ಬೇಕು. ಆರು ತಿಂಗಳ ಪ್ರಾಜೆಕ್ಟಿನಲ್ಲಿ ಎರಡನೇ ಪೀಳಿಗೆ ನೋಡಲಾಗದು. ಆದರೆ ಪರಾಗಸ್ಪರ್ಶ ಮಾಡುವ ಕೈಚಳಕ ಕಲಿಯಲು ಒಂದು ಹೂವಿನ ವಾರ ಸಾಕು.

ಹೂಮಳೆ ಒಂದು ಇಂಚಾದರೂ ಚೆನ್ನಾಗಿ ಬಿದ್ದ ದಿನದಿಂದ ಎಣಿಸಿ. ಎಂಟರಿಂದ ಹತ್ತನೇ ದಿನಕ್ಕೆ ಹೂ ಅರಳುತ್ತದೆ. ಹಿಂದಿನ ದಿನ ಮೊಗ್ಗು ಬೆಳ್ಳಗೆ ಉದ್ದವಾಗಿ ಮೇಣದಬತ್ತಿಯಂತೆ ನಿಂತಿರುತ್ತದೆ, ಕೆಲಸ ಆಗಬೇಕಾದದ್ದು ಆವತ್ತು ಮಧ್ಯಾಹ್ನ. ಅರೇಬಿಕಾ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಕೇಸರಗಳನ್ನು ತೆಗೆಯಲೇಬೇಕು. ಕೇಸರಗಳು ದಳದ ಕೊಳವೆಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಕೊಳವೆಯನ್ನು ಸುತ್ತಲೂ ಸೀಳಿ ಎಳೆದರೆ ಕೇಸರ ಸಮೇತ ಬರುತ್ತದೆ, ಶಲಾಕೆ ಮಾತ್ರ ಉಳಿಯುತ್ತದೆ. ಆ ಗಿಣ್ಣಿನಲ್ಲಿ ಎಳೆ ಮೊಗ್ಗು, ಮುಂಚೆ ಅರಳಿದ ಹೂ ಇದ್ದರೆ ಕಿತ್ತುಹಾಕಿ. ಬಟರ್ ಪೇಪರ್ ಚೀಲ ಕಟ್ಟಿ. ಮರುದಿನ ಬೆಳಿಗ್ಗೆ ಗಂಡು ಗಿಡದ (ಪರಾಗ ಕೊಡಲು ಆರಿಸಿದ ಗಿಡ) ಹೊಸ ಹೂವಿನ ಕೇಸರವನ್ನು ಶಲಾಕಾಗ್ರಕ್ಕೆ ಸವರಿ ಮತ್ತೆ ಚೀಲ ಕಟ್ಟಿ. ಟ್ಯಾಗಿನ ಮೇಲೆ ಹೆಣ್ಣು ಗಿಡ, ಗಂಡು ಗಿಡ, ತಾರೀಕು, ಹೂವಿನ ಸಂಖ್ಯೆ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಮಲೆನಾಡಿನ ಜೂನ್ ತಿಂಗಳನ್ನು ದಾಟುವುದಿಲ್ಲ. ಕೇಸರ ತೆಗೆದು ಚೀಲ ಕಟ್ಟಿ, ಪರಾಗ ಹಾಕದೆ ಬಿಟ್ಟ ಕೆಲವು ಹೂಗಳೂ ಇರಲಿ. ಅವು ಕಾಯಿ ಕಚ್ಚಿದರೆ ನಿಮ್ಮ ಕೇಸರ ತೆಗೆಯುವಿಕೆ ಸರಿಯಾಗಿಲ್ಲ ಎಂದರ್ಥ.

ಇದೇ ವಾರ ಪರಾಗದ ಜೀವಂತಿಕೆಯನ್ನೂ ನೋಡಬಹುದು. ಶೇ. 1ರ ಅಸಿಟೊಕಾರ್ಮೈನ್ ಹನಿಯಲ್ಲಿ ಪರಾಗ ಉದುರಿಸಿ, ಗಿಡಕ್ಕೆ 500ರಂತೆ ಎಣಿಸಿ, ಕೆಂಪಾದವು ಎಷ್ಟು, ಬಣ್ಣ ಹಿಡಿಯದೆ ಮುದುಡಿದವು ಎಷ್ಟು ಎಂದು ಬರೆದುಕೊಳ್ಳಿ. ಬೇರೆ ಬೇರೆ ತಳಿಗಳ ಗಿಡ ಹತ್ತು ಹತ್ತು ಸಿಕ್ಕರೆ ಪದವಿ ಮಟ್ಟಕ್ಕೆ ಒಳ್ಳೆಯ ಪ್ರಾಜೆಕ್ಟ್.

ಹಂತ 6: ಲ್ಯಾಪ್‌ಟಾಪ್ ಮುಂದೆ

8 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಆರ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನು ಚೆನ್ನಾಗಿ ಕಲಿಯಿರಿ. ಎನ್‌ಸಿಬಿಐ, ಎನ್‌ಸೆಂಬಲ್ ಎಂಬ ಜೀನೋಮ್ ದತ್ತಾಂಶ ಭಂಡಾರಗಳು ಎಲ್ಲರಿಗೂ ತೆರೆದಿವೆ. ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ ದೊಡ್ಡ ಲೆಕ್ಕಗಳು ಅವರ ಸರ್ವರ್ ಮೇಲೆ ನಡೆಯುತ್ತವೆ, ಆದ್ದರಿಂದ ಊರಿನ ನೆಟ್‌ವರ್ಕ್ ನಿಧಾನವಿದ್ದರೂ ಕೆಲಸ ನಿಲ್ಲುವುದಿಲ್ಲ. ರೊಬಸ್ಟಾ ಜೀನೋಮ್ 2014ರಲ್ಲೇ ಪ್ರಕಟವಾಗಿದೆ. ಅದರಿಂದ ಒಂದು ರೋಗನಿರೋಧಕ ಜೀನ್ ಇಳಿಸಿಕೊಂಡು, ಬ್ಲಾಸ್ಟ್ ಮಾಡಿ (ಅದನ್ನು ಹೋಲುವ ಜೀನ್‌ಗಳನ್ನು ಭಂಡಾರದಲ್ಲಿ ಹುಡುಕಿ), ಪ್ರೈಮರ್ ವಿನ್ಯಾಸ ಮಾಡಿ ನೋಡುವುದು ಒಂದು ವಾರಾಂತ್ಯದ ಕೆಲಸ.

ಹಂತ 7: ಎಂ.ಎಸ್ಸಿ. ಮತ್ತು ಪ್ರವೇಶ ಪರೀಕ್ಷೆಗಳು

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿರುವ ಎಂ.ಎಸ್ಸಿ.ಗಳಿಗೆ ಗ್ಯಾಟ್-ಬಿ ಬರೆಯಬೇಕು. ಮೂರು ಗಂಟೆ, 240 ಅಂಕ. ಮೊದಲ ಭಾಗದ 60 ಪ್ರಶ್ನೆ ಪಿಯುಸಿ ಮಟ್ಟದ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಎರಡನೇ ಭಾಗದಲ್ಲಿ ನೂರಕ್ಕೆ 60 ಉತ್ತರಿಸಬೇಕು, ಪ್ರತಿಯೊಂದಕ್ಕೂ 3 ಅಂಕ. ತಪ್ಪಿಗೆ ಅಂಕ ಕಳೆಯುತ್ತಾರೆ. ಮೊದಲ ಭಾಗವನ್ನು ಕಡೆಗಣಿಸಿ ಸೋಲುವವರೇ ಹೆಚ್ಚು. ಐಐಟಿಗಳಿಗೆ ಜಾಮ್‌ನ ಬಯೋಟೆಕ್ನಾಲಜಿ ಪತ್ರಿಕೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಇವೆ.

ಮೈಸೂರು ವಿಶ್ವವಿದ್ಯಾಲಯದ ಜೆನೆಟಿಕ್ಸ್ ಮತ್ತು ಜೀನೋಮಿಕ್ಸ್ ವಿಭಾಗವನ್ನು ನಮ್ಮವರು ಮೊದಲು ನೋಡಬೇಕು. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ನೊಣಗಳ ಸಂಗ್ರಹ ಕೇಂದ್ರವೂ ಇದೆ. ನೊಣದ ಪೀಳಿಗೆಗೆ ಹತ್ತೇ ದಿನದ ಆಸುಪಾಸು ಸಾಕಾಗುವುದರಿಂದ, ಕಾಫಿಯಲ್ಲಿ ಹತ್ತು ವರ್ಷ ಕಾಯಬೇಕಾದದ್ದನ್ನು ಅಲ್ಲಿ ಒಂದು ಸೆಮಿಸ್ಟರಿನಲ್ಲಿ ಕಣ್ಣಾರೆ ನೋಡಬಹುದು.

ಹಂತ 8: ಜೆಆರ್‌ಎಫ್ ಮತ್ತು ಪಿಎಚ್.ಡಿ.

ಪಿಎಚ್.ಡಿ. ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್ಪೇ ಜೆಆರ್‌ಎಫ್. ಅದಕ್ಕಾಗಿ ಬರೆಯುವ ಸಿಎಸ್‌ಐಆರ್-ನೆಟ್ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆ 200 ಅಂಕದ್ದು, ಮೂರು ಗಂಟೆ. ಎ ಭಾಗದಲ್ಲಿ 20ಕ್ಕೆ 15, ಬಿ ಭಾಗದಲ್ಲಿ 50ಕ್ಕೆ 35, ಇವಕ್ಕೆ ತಲಾ 2 ಅಂಕ. ಸಿ ಭಾಗದಲ್ಲಿ 75ಕ್ಕೆ 25, ತಲಾ 4 ಅಂಕ. ಪಠ್ಯದ 13 ಘಟಕಗಳನ್ನೂ ಮೇಲೆ ಮೇಲೆ ಓದುವುದಕ್ಕಿಂತ ಆನುವಂಶಿಕತೆ, ಜೀವಕೋಶದ ಮೂಲ ಪ್ರಕ್ರಿಯೆಗಳು ಮತ್ತು ಪ್ರಯೋಗ ವಿಧಾನಗಳನ್ನು ಆಳವಾಗಿ ಓದಿದವರಿಗೆ ಸಿ ಭಾಗ ಕೈಹಿಡಿಯುತ್ತದೆ. ಅಲ್ಲಿ ಕೇಳುವುದು ಲೆಕ್ಕ ಮತ್ತು ಪ್ರಯೋಗದ ಅರ್ಥೈಸುವಿಕೆ. ಬಯೋಟೆಕ್ನಾಲಜಿ ಇಲಾಖೆಯ ಬಿಇಟಿ, ಕೃಷಿಯವರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಜೆಆರ್‌ಎಫ್ ಪರೀಕ್ಷೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ (ಎನ್‌ಸಿಬಿಎಸ್) ಪ್ರತ್ಯೇಕ ಪ್ರವೇಶ ಪರೀಕ್ಷೆ ಇವೆ.

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಪರಿಶೀಲನೆಯಲ್ಲಿ ಪಾಸಾದರೆ 42,000 ರೂಪಾಯಿಯ ಎಸ್‌ಆರ್‌ಎಫ್, ಅಂದರೆ ಹಿರಿಯ ಫೆಲೋಶಿಪ್. ಮನೆಬಾಡಿಗೆ ಭತ್ಯೆ ಬೇರೆ. ಮನೆಯವರು 'ಇನ್ನೂ ಎಷ್ಟು ವರ್ಷ ಓದುತ್ತೀಯಾ' ಎಂದು ಕೇಳಿದಾಗ ಈ ಅಂಕಿ ಹೇಳಿ. ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ.

ಮಾರ್ಗದರ್ಶಕರನ್ನು ಆರಿಸುವಾಗ ಹೆಸರಿಗಿಂತ ಮುಖ್ಯವಾದವು: ಅವರ ಕೈಕೆಳಗೆ ಇತ್ತೀಚೆಗೆ ಮುಗಿಸಿದ ವಿದ್ಯಾರ್ಥಿಗಳಿಗೆ ಎಷ್ಟು ವರ್ಷ ಹಿಡಿಯಿತು, ಪ್ರಬಂಧದಲ್ಲಿ ವಿದ್ಯಾರ್ಥಿಯ ಹೆಸರು ಮೊದಲು ಬರುತ್ತದೆಯೇ, ಪ್ರಾಜೆಕ್ಟ್ ಹಣ ಇನ್ನೆಷ್ಟು ವರ್ಷಕ್ಕಿದೆ. ಈ ಮೂರನ್ನೂ ಅಲ್ಲಿರುವ ಹಿರಿಯ ವಿದ್ಯಾರ್ಥಿಗಳ ಬಳಿ ಕ್ಯಾಂಟೀನಿನಲ್ಲಿ ಕೇಳಿ ತಿಳಿದುಕೊಳ್ಳಿ.

ಹಂತ 9: ಕೆಲಸ ಎಲ್ಲಿ ಸಿಗುತ್ತದೆ

ಕಾಲೇಜು ಅಧ್ಯಾಪಕ ಹುದ್ದೆಗೆ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಅಥವಾ ನೆಟ್ ಬೇಕು. ಬೀಜ ಕಂಪನಿಗಳಲ್ಲಿ ತಳಿ ಅಭಿವೃದ್ಧಿ, ಮಾರ್ಕರ್ ಲ್ಯಾಬ್, ಬೀಜ ಶುದ್ಧತೆ ಪರೀಕ್ಷೆಯ ಕೆಲಸಗಳಿವೆ. ತೋಟದಲ್ಲಿ ಬಿಸಿಲಿಗೆ ನಿಂತು ಟ್ಯಾಗ್ ಕಟ್ಟಿದ ಅನುಭವಕ್ಕೆ ಅಲ್ಲಿ ನಿಜವಾದ ಬೆಲೆ. ಬೆಂಗಳೂರಿನ ರೋಗನಿದಾನ ಪ್ರಯೋಗಾಲಯಗಳು, ವಿಧಿವಿಜ್ಞಾನ ಪ್ರಯೋಗಾಲಯದ ಡಿಎನ್ಎ ವಿಭಾಗ, ಜೀನೋಮ್ ದತ್ತಾಂಶ ವಿಶ್ಲೇಷಿಸುವ ಕಂಪನಿಗಳು ಇನ್ನೊಂದು ಕಡೆ. ಭಾರತೀಯರ 10,000 ಜೀನೋಮ್‌ಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ನಂತರ ದತ್ತಾಂಶ ಇದೆ, ಅದನ್ನು ಅರ್ಥ ಮಾಡುವ ಕೈಗಳೇ ಸಾಲದು.

ನಮ್ಮ ಭಾಗದಲ್ಲಿ ಅತಿ ಅಗತ್ಯವಿದ್ದೂ ಕಡಿಮೆ ಜನ ಯೋಚಿಸುವ ವೃತ್ತಿ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಆನುವಂಶಿಕ ಕಾಯಿಲೆಯ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವ ಕೆಲಸ. ಅಕ್ಕನ ಮಗಳನ್ನು ಮದುವೆಯಾದರೆ ಮಗುವಿನ ಒಳಸಂಬಂಧ ಗುಣಾಂಕ (ಒಬ್ಬ ಪೂರ್ವಜರ ಒಂದೇ ಜೀನ್ ಪ್ರತಿ ತಂದೆ, ತಾಯಿ ಇಬ್ಬರಿಂದಲೂ ಬರುವ ಸಾಧ್ಯತೆ) 1/8, ಸೋದರತ್ತೆಯ ಮಗಳಾದರೆ 1/16. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕಂಡುಬಂದ ಹಂದಿಗೋಡು ಕಾಯಿಲೆಯೂ ಆನುವಂಶಿಕ ಕೀಲು-ಮೂಳೆ ರೋಗ. ಇಂಥ ಮನೆಗಳಲ್ಲಿ ಕೂತು, ತಪ್ಪು ಹೊರಿಸದೆ, 'ನಿಮ್ಮ ಸೋದರಮಾವನ ಮಕ್ಕಳು ಹೇಗಿದ್ದಾರೆ' ಎಂದು ಕನ್ನಡದಲ್ಲೇ ಕೇಳಿ ಮೂರು ತಲೆಮಾರಿನ ವಂಶವೃಕ್ಷ ಬರೆಯಬಲ್ಲವರು ಬೇಕು. ಮನುಷ್ಯರ ಸ್ಯಾಂಪಲ್ ಮುಟ್ಟುವ ಯಾವ ಕೆಲಸಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಆ ವ್ಯಕ್ತಿಯ ಲಿಖಿತ ಸಮ್ಮತಿ ಬೇಕು. ಭ್ರೂಣದ ಲಿಂಗ ತಿಳಿಸುವುದು 1994ರ ಕಾಯ್ದೆಯಡಿ ಅಪರಾಧ.

ವರ್ಷದ ಲೆಕ್ಕ

ಜೂನ್–ಜುಲೈನಲ್ಲಿ ವಿಷಯ ಗೊತ್ತುಮಾಡಿಕೊಂಡು ಅಧ್ಯಾಪಕರ ಬಳಿ ಮಾತಾಡಿ. ಸೆಪ್ಟೆಂಬರಿನಲ್ಲಿ ಶಿಫಾರಸು ಪತ್ರ ಕೇಳಿ, ಅಕ್ಟೋಬರ್–ನವೆಂಬರಿನಲ್ಲಿ ಬೇಸಿಗೆ ಫೆಲೋಶಿಪ್ ಅರ್ಜಿ ಹಾಕಿ. ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ; ತೋಟದವರಿಗಾಗಲಿ ಸಂಶೋಧನಾ ಕೇಂದ್ರದವರಿಗಾಗಲಿ ಪುರುಸೊತ್ತಿರುವುದಿಲ್ಲ, ಆ ದಿನಗಳನ್ನು ಪ್ರವೇಶ ಪರೀಕ್ಷೆಯ ಓದಿಗೆ ಇಟ್ಟುಕೊಳ್ಳಿ. ಫೆಬ್ರವರಿ ಕೊನೆಯೊಳಗೆ ತೋಟದ ಮಾಲೀಕರ ಅನುಮತಿ ಪಡೆದು, ಯಾವ ಗಿಡ ಹೆಣ್ಣು, ಯಾವುದು ಗಂಡು ಎಂದು ಗುರುತು ಹಾಕಿ, ಚೀಲ, ಟ್ಯಾಗು, ಪೆನ್ಸಿಲ್ ಕಟ್ಟಿಟ್ಟುಕೊಂಡಿರಿ. ಹೂಮಳೆ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ, ಬಿದ್ದ ಮೇಲೆ ಸಿಗುವುದು ಎಂಟು ದಿನ.